ಆಟಗಾರನಿಗೆ ಕುರ್ಚಿ ಕೊಡಿ, ಕೆಲಸಾನೂ ಕಲಿಸಿ: ಬ್ಯಾಂಕು, ಕಂಪನಿಗಳ ದೊಡ್ಡವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಹೋದ ತಿಂಗಳು ಒಬ್ಬ ಹುಡುಗ ನಮ್ಮ ಮನೆಗೆ ಬಂದಿದ್ದ. ಆರಡಿ ಐದಿಂಚು ಎತ್ತರ, ಬಾಗಿಲಲ್ಲಿ ತಲೆ ಬಗ್ಗಿಸಿಕೊಂಡೇ ಒಳಗೆ ಬಂದ. ಮಂಡ್ಯ ಕಡೆಯವನು. ಬಿ.ಕಾಂ. ಮುಗಿಸಿದ್ದಾನೆ, ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಸೆಂಟರ್ ಆಡಿದ್ದಾನೆ. ಕೈಯಲ್ಲಿ ಒಂದು ಕಾಗದ ಇತ್ತು. ಹನ್ನೊಂದು ತಿಂಗಳ ಕಾಂಟ್ರ್ಯಾಕ್ಟ್. ತಿಂಗಳಿಗೆ ಇಷ್ಟು ಅಂತ ಒಂದು ಮೊತ್ತ. ಕೆಳಗೆ, ಗಾಯವಾದರೆ ಸಂಸ್ಥೆ ಹೊಣೆಯಲ್ಲ ಅಂತ ಒಂದು ಸಾಲು. "ಸರ್, ಸೇರಿಕೊಳ್ಳಲಾ?" ಅಂತ ಕೇಳಿದ. ನನಗೆ ಏನು ಹೇಳಬೇಕೋ ತೋಚಲಿಲ್ಲ. ಕಾಫಿ ಕುಡಿಸಿ ಕಳಿಸಿದೆ.

ಅಂಥ ಕಾಗದಗಳಿಗೆ ಸಹಿ ಹಾಕುವವರು ನೀವು. ಅದಕ್ಕೇ ಈ ಪತ್ರ ನಿಮಗೆ. ಯಾವ ಬ್ಯಾಂಕು, ಯಾವ ಕಂಪನಿ ಅಂತ ನಾನು ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ಓದುವಾಗ ಯಾರಿಗೆ ಚುರುಕ್ ಅನ್ನಿಸುತ್ತದೋ ಅವರಿಗೇ ಬರೆದದ್ದು ಅಂತ ಇಟ್ಟುಕೊಳ್ಳಿ.

ನನ್ನ ಮಾತು ಶುರು ಮಾಡುವ ಮುಂಚೆ ಒಂದು ತಂಡದ ಕಥೆ ಹೇಳಬೇಕು. ತಾಳ್ಮೆ ಇರಲಿ. ಬ್ಯಾಸ್ಕೆಟ್‌ಬಾಲ್ ಅಂದರೆ ನಿಮ್ಮ ಮನೆ ಮಕ್ಕಳಿಗೆ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಗೊತ್ತು. ನಾನು ಹೇಳುತ್ತಿರುವುದು ಆ ಲೀಗ್ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ ಅಮೆರಿಕವನ್ನೇ ಆಳಿದ ಒಂದು ಆಫೀಸ್ ತಂಡದ ಬಗ್ಗೆ. ಹೆಸರು ಫಿಲಿಪ್ಸ್ 66ಅರ್ಸ್. ಊರು ಓಕ್ಲಹೋಮ ರಾಜ್ಯದ ಬಾರ್ಟಲ್ಸ್‌ವಿಲ್. ಈಗಲೂ ಅಲ್ಲಿ 40 ಸಾವಿರ ಜನ ಇಲ್ಲ.

1917ರಲ್ಲಿ ಫ್ರ್ಯಾಂಕ್ ಫಿಲಿಪ್ಸ್ ಮತ್ತು ಅವರ ತಮ್ಮ ಸೇರಿ ಅಲ್ಲಿ ಫಿಲಿಪ್ಸ್ ಪೆಟ್ರೋಲಿಯಂ ಅಂತ ಎಣ್ಣೆ ಕಂಪನಿ ಶುರು ಮಾಡಿದರು. ಮೂರ್ನಾಲ್ಕು ವರ್ಷದಲ್ಲಿ ಕಂಪನಿಯ ಹುಡುಗರೇ ಸೇರಿ ಒಂದು ತಂಡ ಕಟ್ಟಿಕೊಂಡರು. ಸಂಜೆ ಕೆಲಸ ಮುಗಿದ ಮೇಲೆ ಆಡುವುದು, ಅಕ್ಕಪಕ್ಕದ ಊರಿಗೆ ಹೋಗಿ ಬರುವುದು, ಅಷ್ಟೇ. ಹೆಸರಿನಲ್ಲಿರುವ 66 ಬಂದದ್ದು ಆಮೇಲೆ, 1927ರಲ್ಲಿ ಕಂಪನಿ ತನ್ನ ಪೆಟ್ರೋಲಿಗೆ ಆ ಹೆಸರಿಟ್ಟಾಗ. ಮೊದಮೊದಲ ಆ ತಂಡದಲ್ಲಿ ಕೆ.ಎಸ್. ಆಡಮ್ಸ್ ಅಂತ ಒಬ್ಬ ಹುಡುಗ ಇದ್ದ. ಎಲ್ಲರೂ ಬೂಟ್ಸ್ ಆಡಮ್ಸ್ ಅಂತಿದ್ದರು. ಕಂಪನಿಯ ಉಗ್ರಾಣದಲ್ಲಿ ಗುಮಾಸ್ತ. ಅದೇ ಹುಡುಗ 1938ರಲ್ಲಿ, ಇನ್ನೂ ನಲವತ್ತು ದಾಟದ ವಯಸ್ಸಿನಲ್ಲಿ, ಇಡೀ ಕಂಪನಿಯ ಅಧ್ಯಕ್ಷನಾದ. ಅವನ ನಂತರ 1951ರಲ್ಲಿ ಆ ಕುರ್ಚಿಗೆ ಬಂದವರು ಪಾಲ್ ಎಂಡಕಾಟ್. ಕಾನ್ಸಸ್ ವಿಶ್ವವಿದ್ಯಾಲಯದ ದೊಡ್ಡ ಆಟಗಾರ, 1923ರಲ್ಲಿ ಫಿಲಿಪ್ಸ್ ಸೇರಿ ತಂಡದಲ್ಲಿ ಆಡಿದವರು.

ಇದನ್ನು ಇನ್ನೊಂದು ಸಲ ಓದಿ ಸ್ವಾಮಿ. ಒಂದೇ ತಂಡದ ಇಬ್ಬರು ಆಟಗಾರರು, ಒಬ್ಬರಾದ ಮೇಲೆ ಒಬ್ಬರು, ಕಂಪನಿಯ ಅಧ್ಯಕ್ಷರು. ನಮ್ಮಲ್ಲಿ ಸ್ಪೋರ್ಟ್ಸ್ ಕೋಟಾದಲ್ಲಿ ಬಂದವನು ಹೆಡ್ ಕ್ಲರ್ಕ್ ಆದರೇ ಪಾರ್ಟಿ ಕೇಳುತ್ತಾರೆ.

ಆ ಕಾಲದಲ್ಲಿ ಇಂಥ ತಂಡಗಳು ಬೇಕಾದಷ್ಟಿದ್ದವು. ಟ್ರ್ಯಾಕ್ಟರ್, ಬುಲ್ಡೋಜರ್ ಮಾಡುವ ಕ್ಯಾಟರ್‌ಪಿಲ್ಲರ್ ಕಂಪನಿಗೆ (ನಮ್ಮ ಬಿಇಎಂಎಲ್ ಥರ ಅಂದುಕೊಳ್ಳಿ) ಪಿಯೋರಿಯಾ ಊರಿನಲ್ಲಿ ಒಂದು ತಂಡ, ಟಯರ್ ಮಾಡುವ ಗುಡ್‌ಇಯರ್‌ಗೆ ಆಕ್ರನ್‌ನಲ್ಲಿ ಒಂದು ತಂಡ, ಸಿನಿಮಾ ಕಂಪನಿ ಯೂನಿವರ್ಸಲ್‌ಗೂ ಒಂದು. ಹೆಂಗಸರದ್ದೂ ಇತ್ತು. ಬೇಬ್ ಡಿಡ್ರಿಕ್ಸನ್ ಅಂತ ಅಥ್ಲೆಟಿಕ್ಸ್‌ನಲ್ಲಿ 1932ರ ಒಲಿಂಪಿಕ್ಸ್ ಚಿನ್ನ ಗೆದ್ದ ಹುಡುಗಿ, ಡಲ್ಲಾಸ್‌ನ ಒಂದು ವಿಮಾ ಕಂಪನಿಗೆ ಸ್ಟೆನೋ ಅಂತ ಸೇರಿದ್ದು ಬ್ಯಾಸ್ಕೆಟ್‌ಬಾಲ್ ಆಡೋಕೆ! ಇವರೆಲ್ಲ ಅಮೆಚೂರ್ ಅಥ್ಲೆಟಿಕ್ ಯೂನಿಯನ್ ಅನ್ನೋ ಸಂಸ್ಥೆಯ ಕೆಳಗೆ ಆಡುತ್ತಿದ್ದರು. ಆಡಿದ್ದಕ್ಕೆ ದುಡ್ಡು ತೆಗೆದುಕೊಳ್ಳಬಾರದು ಅನ್ನೋದು ಅವರ ನಿಯಮ. ಕೆಲಸಕ್ಕೆ ಸಂಬಳ ತೆಗೆದುಕೊಂಡರೆ ತಪ್ಪಿಲ್ಲ. ಅಲ್ಲಿಗೆ ದಾರಿ ಸಿಕ್ಕಿತಲ್ಲ. ಕಂಪನಿಗಳು ಕಾಲೇಜುಗಳಿಂದ ಒಳ್ಳೊಳ್ಳೆ ಆಟಗಾರರನ್ನು ಹುಡುಕಿ ಕೆಲಸ ಕೊಟ್ಟವು. ಪೂರ್ತಿ ವೃತ್ತಿಪರರೂ ಅಲ್ಲ, ಪೂರ್ತಿ ಹವ್ಯಾಸಿಗಳೂ ಅಲ್ಲ. ಒಂದು ಥರ ಕಳ್ಳಾಟವೇ ಅಂತ ಆಗಲೂ ಜನ ಗೊಣಗುತ್ತಿದ್ದರು. ನಾನೂ ಒಪ್ಪುತ್ತೇನೆ. ಆದರೆ ಆ ಕಳ್ಳಾಟದೊಳಗೆ ಒಂದು ನಿಯತ್ತಿತ್ತು.

1930ರ ದಶಕದ ಆರ್ಥಿಕ ಕುಸಿತ ಬಂದಾಗ ಫಿಲಿಪ್ಸ್ ತಂಡ ನಿಂತುಹೋಗಿತ್ತು. ಅದನ್ನು ಮತ್ತೆ ಎಬ್ಬಿಸಿದವನು ಅದೇ ಬೂಟ್ಸ್ ಆಡಮ್ಸ್. ಆಗ ಅವನ ಕೈಗೆ ಅಧಿಕಾರ ಬರುತ್ತಿತ್ತು. ಒಳ್ಳೆ ಸಮಯಕ್ಕೆ ಎಬ್ಬಿಸಿದ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಮೊದಲ ಸಲ ಪದಕದ ಆಟವಾಗಿತ್ತು. ಬಯಲಿನಲ್ಲಿ, ಮಣ್ಣಿನ ಟೆನಿಸ್ ಅಂಕಣದ ಮೇಲೆ, ಫೈನಲ್ ದಿನ ಸುರಿಯುವ ಮಳೆ. ಚೆಂಡು ಪುಟಿಯುತ್ತಲೇ ಇರಲಿಲ್ಲ. ಅಮೆರಿಕ ಕೆನಡಾವನ್ನು ಸೋಲಿಸಿದ್ದು 19–8ರಿಂದ. ಆ ತಂಡದಲ್ಲಿದ್ದ ಜೋ ಫೋರ್ಟನ್‌ಬೆರಿ ಕಾನ್ಸಸ್‌ನ ಒಂದು ಎಣ್ಣೆ ಸಂಸ್ಕರಣಾ ಕಂಪನಿಯ ತಂಡದವರು. ಒಲಿಂಪಿಕ್ಸ್ ಮುಗಿಸಿ ಬಂದವರು ಫಿಲಿಪ್ಸ್ ಸೇರಿಕೊಂಡರು.

1940ರಲ್ಲಿ ಫಿಲಿಪ್ಸ್ ಮೊದಲ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಈ ರಾಷ್ಟ್ರೀಯ ಟೂರ್ನಿ ಆಗ ಹೆಚ್ಚಾಗಿ ಡೆನ್ವರ್‌ನಲ್ಲಿ ನಡೆಯುತ್ತಿತ್ತು. ಆಮೇಲೆ 1943ರಿಂದ 1948ರವರೆಗೆ ಸತತ ಆರು ಸಲ. ಒಟ್ಟು ಹನ್ನೊಂದು. ಗೆದ್ದ ಪಂದ್ಯಗಳ ಲೆಕ್ಕ ಎಲ್ಲ ಸೇರಿ 1,500 ದಾಟುತ್ತದೆ. ಸಾಕು, ಅಂಕಿ ಅಂಶ ಇಲ್ಲಿಗೇ ಬಿಡ್ತೀನಿ, ನನಗೆ ಬೇಕಾದ್ದು ಒಬ್ಬ ಮನುಷ್ಯ.

ಬಾಬ್ ಕರ್ಲಂಡ್. ಏಳಡಿ. ಕಾಲೇಜಿನಲ್ಲಿ ಆಡುವಾಗ ಅವರು ರಿಂಗಿನ ಕೆಳಗೆ ನಿಂತು, ಎದುರಾಳಿ ಎಸೆದ ಚೆಂಡು ಇನ್ನೇನು ಒಳಗೆ ಬೀಳಬೇಕು ಅನ್ನುವಾಗ ಕೈ ಎತ್ತಿ ತಳ್ಳಿಬಿಡುತ್ತಿದ್ದರು. ಇವರೂ ಜಾರ್ಜ್ ಮೈಕನ್ ಅನ್ನೋ ಇನ್ನೊಬ್ಬರು ಲಂಬೂನೂ ಇದನ್ನೇ ಮಾಡುತ್ತಿದ್ದದ್ದು ನೋಡಿ ಕಾಲೇಜು ಆಟದ ನಿಯಮವನ್ನೇ ಬದಲಾಯಿಸಬೇಕಾಯಿತು. ಇವತ್ತು ನಮ್ಮ ಶಾಲಾ ಮಕ್ಕಳ ಪಂದ್ಯದಲ್ಲೂ ರೆಫರಿ ಗೋಲ್‌ಟೆಂಡಿಂಗ್ ಅಂತ ಸೀಟಿ ಊದಿದರೆ ಅದರ ಹಿಂದೆ ಇರುವುದು ಇವರ ಕೈ. 1945, 1946 ಎರಡು ವರ್ಷವೂ ಅವರ ಕಾಲೇಜು ದೇಶಕ್ಕೇ ಚಾಂಪಿಯನ್.

1946ರಲ್ಲಿ ಅವರ ಓದು ಮುಗಿಯಿತು. ಅದೇ ವರ್ಷ, ಮುಂದೆ ಎನ್‌ಬಿಎ ಆಗಲಿದ್ದ ವೃತ್ತಿಪರ ಲೀಗ್ ಶುರುವಾಯಿತು. ಕರೆ ಬಂತು. ಕರ್ಲಂಡ್ ಹೋಗಲಿಲ್ಲ. ಬಾರ್ಟಲ್ಸ್‌ವಿಲ್‌ಗೆ ಹೋಗಿ ಎಣ್ಣೆ ಕಂಪನಿ ಸೇರಿದರು. ಆರು ವರ್ಷ ಆಡಿದರು, ಎರಡು ಒಲಿಂಪಿಕ್ಸ್ ಚಿನ್ನ ತಂದರು. ಆಟ ನಿಂತ ಮೇಲೆ? ಅಲ್ಲೇ ಇದ್ದರು. ಮಾರಾಟ ವಿಭಾಗದಲ್ಲಿ ಮೇಲೆ ಮೇಲೆ ಹೋದರು. ಗಿರಾಕಿಯೇ ತನ್ನ ಗಾಡಿಗೆ ಪೆಟ್ರೋಲ್ ಹಾಕಿಕೊಳ್ಳುವ ಬಂಕುಗಳನ್ನು ಕಂಪನಿಯಲ್ಲಿ ತರುವುದರಲ್ಲಿ ಅವರ ಪಾಲಿತ್ತು. ನಿವೃತ್ತಿಯವರೆಗೂ ಅದೇ ಕಂಪನಿ. ಎನ್‌ಬಿಎಯಲ್ಲಿ ಒಂದೇ ಒಂದು ಪಂದ್ಯ ಆಡದೆ ಬ್ಯಾಸ್ಕೆಟ್‌ಬಾಲ್‌ನ ಹಾಲ್ ಆಫ್ ಫೇಮ್ ಸೇರಿದವರು ಈ ಮನುಷ್ಯ.

ಯಾಕೆ ಹೋಗಲಿಲ್ಲ ಅಂತ ಯೋಚನೆ ಮಾಡಿ. ಆ ಲೀಗ್ ಆಗ ನಾಳೆ ಇರುತ್ತೋ ಇಲ್ಲವೋ ಅನ್ನೋ ಸ್ಥಿತಿ. ತಂಡಗಳು ಹುಟ್ಟುತ್ತಿದ್ದವು, ಮುಚ್ಚುತ್ತಿದ್ದವು. ಇಲ್ಲಿ ಆಟ ಮುಗಿದರೂ ಊಟ ಇತ್ತು. ಚಕ್ ಡಾರ್ಲಿಂಗ್ ಅಂತ ಇನ್ನೊಬ್ಬರು. ಭೂವಿಜ್ಞಾನ ಓದಿದವರು, ಅವರನ್ನು ಎನ್‌ಬಿಎ ತಂಡವೇ ಆರಿಸಿಕೊಂಡಿತ್ತು. ಅವರೂ ಬಂದದ್ದು ಫಿಲಿಪ್ಸ್‌ಗೆ. ಎಣ್ಣೆ ಕಂಪನಿಯಲ್ಲಿ ಭೂವಿಜ್ಞಾನಿಗೆ ಕೆಲಸಕ್ಕೇನು ಬರ? ಹಗಲು ಕಲ್ಲು ಮಣ್ಣಿನ ಲೆಕ್ಕ, ಸಂಜೆ ಕೋರ್ಟು. 1956ರ ಮೆಲ್ಬರ್ನ್ ಒಲಿಂಪಿಕ್ಸ್ ಚಿನ್ನ ಗೆದ್ದ ತಂಡದಲ್ಲಿ ಮುಂದೆ ಎನ್‌ಬಿಎಯಲ್ಲಿ ದೊಡ್ಡ ಹೆಸರಾದ ಬಿಲ್ ರಸೆಲ್ ಜೊತೆ ಇವರೂ ಇದ್ದರು. ಆ ಸಲದ ಕೋಚ್ ಜೆರಾಲ್ಡ್ ಟಕರ್ ಕೂಡ ಫಿಲಿಪ್ಸ್‌ನವರೇ.

1948ರ ಕಥೆ ಹೇಳದೆ ಮುಂದೆ ಹೋಗೋಕಾಗಲ್ಲ. ಲಂಡನ್ ಒಲಿಂಪಿಕ್ಸ್‌ಗೆ ಯಾರು ಹೋಗಬೇಕು ಅಂತ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಆಯ್ಕೆ ಟೂರ್ನಿ. ಫೈನಲ್‌ಗೆ ಬಂದದ್ದು ಕಾಲೇಜು ಚಾಂಪಿಯನ್ ಕೆಂಟಕಿ ಮತ್ತು ಈ ಆಫೀಸ್ ತಂಡ. ಕೆಂಟಕಿಯ ಕೋಚ್ ಅಡಾಲ್ಫ್ ರಪ್ ಅಂದರೆ ಆಗ ದೊಡ್ಡ ಹೆಸರು. ಆಫೀಸಿನವರು 53–49ರಿಂದ ಗೆದ್ದರು. ಅವರ ಕೋಚ್ ಬಡ್ ಬ್ರೌನಿಂಗ್ ಒಲಿಂಪಿಕ್ಸ್ ತಂಡದ ಮುಖ್ಯ ಕೋಚ್ ಆದರು, ಅಂಥಾ ರಪ್ ಸಹಾಯಕ! ಎರಡೂ ತಂಡದಿಂದ ಐದೈದು ಜನ, ಜೊತೆಗೆ ಬೇರೆ ಕಡೆಯ ನಾಲ್ವರು. ಫಿಲಿಪ್ಸ್‌ನ ಐವರಲ್ಲಿ ಜೆಸ್ಸಿ ರೆನಿಕ್ ಓಕ್ಲಹೋಮದ ಮೂಲನಿವಾಸಿ ಸಮುದಾಯದವರು. ಆ ನಾಲ್ವರಲ್ಲಿ ಒಬ್ಬರು ಡಾನ್ ಬಾರ್ಕ್ಸ್‌ಡೇಲ್, ಅಮೆರಿಕದ ಒಲಿಂಪಿಕ್ಸ್ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಆಯ್ಕೆಯಾದ ಮೊದಲ ಕಪ್ಪು ಆಟಗಾರ.

ಹೊರಡುವ ಮುಂಚೆ ಖರ್ಚಿಗೆ ದುಡ್ಡು ಕೂಡಿಸಲು ಕೆಲವು ಪ್ರದರ್ಶನ ಪಂದ್ಯ ಆಡಿದರು. ಒಂದು ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ, ಫುಟ್‌ಬಾಲ್ ಮೈದಾನದ ಮಧ್ಯೆ ಹಲಗೆ ಹಾಸಿ. ಬಾರ್ಕ್ಸ್‌ಡೇಲ್ ಆಡಿದ್ದು ಫಿಲಿಪ್ಸ್ ಕಡೆಯಿಂದ. ತಂಡ ಇಳಿದುಕೊಂಡ ಹೋಟೆಲಿನಲ್ಲಿ ಅವರಿಗೆ ಜಾಗ ಇಲ್ಲ, ಊರಿನ ಒಂದು ಕಪ್ಪು ಕುಟುಂಬದ ಮನೆಯಲ್ಲಿ ಉಳಿದರು. ಪಂದ್ಯದ ನಡುವೆ ಟೈಮ್ ಔಟ್. ಒಂದೇ ನೀರಿನ ಬಾಟಲಿ ಕೈಯಿಂದ ಕೈಗೆ ಬರುತ್ತಿದೆ. ಬಾರ್ಕ್ಸ್‌ಡೇಲ್ ಕುಡಿದರು. ಈಗ ಮುಂದಿನವನು ಏನು ಮಾಡುತ್ತಾನೆ ಅಂತ ಸುತ್ತಲೂ ನೋಡುತ್ತಿದ್ದಾರೆ. ಅವನು ತೆಗೆದುಕೊಂಡು ಕುಡಿದ, ಪಕ್ಕದವನಿಗೆ ಕೊಟ್ಟ. ಬಾರ್ಕ್ಸ್‌ಡೇಲ್ ಇದನ್ನು ಎಷ್ಟೋ ವರ್ಷಗಳ ಮೇಲೂ ನೆನೆಯುತ್ತಿದ್ದರು. ನೀರಿನ ಬಿಂದಿಗೆ ಯಾರು ಮುಟ್ಟಿದರು ಅಂತ ನೋಡುವ ಊರುಗಳಿಂದ ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಂಡನ್ ಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ 65–21. ಅದನ್ನು ಪಂದ್ಯ ಅನ್ನೋಕಾಗಲ್ಲ ಬಿಡಿ.

ಈಗ ನನ್ನ ಕಥೆಗೆ ಬರುತ್ತೇನೆ.

ನಾನು 1983ರಲ್ಲಿ ಬೆಂಗಳೂರಿನ ಒಂದು ಬ್ಯಾಂಕಿಗೆ ಸ್ಪೋರ್ಟ್ಸ್ ಕೋಟಾದಲ್ಲಿ ಸೇರಿದೆ. ಕ್ಲರ್ಕ್ ಹುದ್ದೆ, ಪರ್ಮನೆಂಟ್. ನಮ್ಮಮ್ಮ ದೇವಸ್ಥಾನಕ್ಕೆ ಹೋಗಿ ಹಣ್ಣುಕಾಯಿ ಮಾಡಿಸಿದರು. ನಮ್ಮ ಕಾಲದಲ್ಲಿ ಬೆಂಗಳೂರಿನಲ್ಲಿ ಆಟ ಆಡೋನಿಗೆ ಇದ್ದ ಕನಸು ಅದೊಂದೇ. ಬ್ಯಾಂಕು, ಇಲ್ಲವೇ ಫ್ಯಾಕ್ಟರಿ, ಇಲ್ಲವೇ ರೈಲ್ವೆ. ಬೆಳಿಗ್ಗೆ ಹತ್ತಕ್ಕೆ ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಿದ್ದೆ. ಹನ್ನೆರಡಕ್ಕೆಲ್ಲ ಕೋರ್ಟು. ಟೂರ್ನಿ ಬಂದರೆ ಸ್ಪೆಷಲ್ ಲೀವ್. ಮ್ಯಾನೇಜರು ತುಂಬಾ ಒಳ್ಳೆಯವರು. ನಾನು ಯಾವಾಗಲಾದರೂ ಕೌಂಟರ್ ಹತ್ತಿರ ಹೋಗಿ ನಿಂತರೆ, "ನೀವು ಆಡೋರಲ್ವಾ, ನಿಮಗ್ಯಾಕೆ ಇದೆಲ್ಲ, ಹೋಗಿ ಪ್ರಾಕ್ಟೀಸ್ ಮಾಡಿ" ಅನ್ನುತ್ತಿದ್ದರು. ನನಗೂ ಖುಷಿ. ಹನ್ನೆರಡು ವರ್ಷ ಹೀಗೇ ಕಳೆಯಿತು.

1995ರಲ್ಲಿ ಒಂದು ಟೂರ್ನಿಯಲ್ಲಿ ರಿಬೌಂಡ್‌ಗೆ ಹಾರಿ ಇಳಿಯುವಾಗ ಮಂಡಿ ತಿರುಚಿತು. ಟಕ್ ಅಂದ ಶಬ್ದ ನನಗೆ ಈಗಲೂ ಕೇಳಿಸುತ್ತದೆ. ಆಸ್ಪತ್ರೆ, ಮನೆ, ಕೋಲು ಎಲ್ಲ ಮುಗಿಸಿ ನಾಲ್ಕು ತಿಂಗಳ ಮೇಲೆ ಆಫೀಸಿಗೆ ಹೋದೆ. ಕ್ಲಿಯರಿಂಗ್ ಸೆಕ್ಷನ್‌ನಲ್ಲಿ ಕೂರಿಸಿದರು. ನನಗೆ ಮೂವತ್ತನಾಲ್ಕು ವಯಸ್ಸು, ಹನ್ನೆರಡು ವರ್ಷದ ಸರ್ವಿಸು, ಒಂದು ವೋಚರ್ ಬರೆಯೋಕೆ ಬರುತ್ತಿರಲಿಲ್ಲ. ಡೆಬಿಟ್ ಎಲ್ಲಿ, ಕ್ರೆಡಿಟ್ ಎಲ್ಲಿ ಅಂತ ಗೊತ್ತಿಲ್ಲ. ನನಗಿಂತ ಹತ್ತು ವರ್ಷ ಚಿಕ್ಕ ಹುಡುಗಿಯರು ತಲೆ ಎತ್ತದೆ ಪಟಪಟ ಅಂತ ಲೆಡ್ಜರ್ ಬರೆಯುತ್ತಿದ್ದರು. "ಏನು, ಚೆಂಡಿನವರು ಇವತ್ತು ಇಲ್ಲೇ ಕೂತಿದ್ದಾರೆ" ಅಂತ ಒಬ್ಬರು ನಕ್ಕರು. ಕೆಟ್ಟ ಮನಸ್ಸಿನಿಂದ ಹೇಳಿದ್ದೇನಲ್ಲ, ಆದರೂ ಆ ದಿನ ಊಟ ಸೇರಲಿಲ್ಲ.

ನನಗೆ ಕೆಲಸ ಕಲಿಸಿದವರು ನಮ್ಮ ದಫ್ತರಿ. ಅವರು ಕಟ್ಟು ಕಟ್ಟಿ ಇಡುವವರು, ಪುಸ್ತಕ ಎತ್ತಿಡುವವರು. ಓದಿದ್ದು ಏಳನೇ ಕ್ಲಾಸು. ಮಧ್ಯಾಹ್ನ ತಮ್ಮ ಊಟದ ಡಬ್ಬಿ ಪಕ್ಕಕ್ಕಿಟ್ಟು, ಹಳೇ ವೋಚರ್‌ಗಳ ಕಟ್ಟು ಬಿಚ್ಚಿ, "ನೋಡಪ್ಪಾ, ಇದು ಬಂದಿದ್ದು, ಇದು ಹೋಗಿದ್ದು" ಅಂತ ಆರು ತಿಂಗಳು ಹೇಳಿಕೊಟ್ಟರು. ನಾನು ಆಮೇಲೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಮರ್ಯಾದೆಯಾಗಿ ಕೆಲಸ ಮಾಡಿ ನಿವೃತ್ತನಾದದ್ದು ಅವರ ಪುಣ್ಯ.

ಹಾಗಾಗಿ, ಹಳೇ ಸ್ಪೋರ್ಟ್ಸ್ ಕೋಟಾ ಬಂಗಾರದಂತಿತ್ತು, ಅದನ್ನೇ ವಾಪಸ್ ತನ್ನಿ ಅಂತ ಸುಮ್ನೆ ಅಳೋಕೆ ನಾನು ಬಂದಿಲ್ಲ. ಅದರಲ್ಲಿ ಹುಳುಕಿತ್ತು. ನಮಗೆ ಕುರ್ಚಿ ಕೊಟ್ಟರು, ಅದರ ಮೇಲೆ ಕೂರೋಕೆ ಬಿಡಲಿಲ್ಲ. ನಮ್ಮ ಹತ್ತಿರ ಸಹಿ ಹಾಕಿಸಿಕೊಂಡರು, ಕೆಲಸ ಹೇಳಲಿಲ್ಲ. ಸಹೋದ್ಯೋಗಿಗಳಿಗೆ ನಮ್ಮ ಮೇಲೆ ಹೊಟ್ಟೆಯುರಿ ಇದ್ದರೆ ಅದು ನ್ಯಾಯವೇ, ನಮ್ಮ ಪಾಲಿನ ಲೆಡ್ಜರನ್ನೂ ಅವರೇ ಬರೆಯುತ್ತಿದ್ದರಲ್ಲ. ಆಮೇಲೆ ನೀವುಗಳು ಬಂದಿರಿ, ಲೆಕ್ಕ ನೋಡಿದಿರಿ, ಇವರಿಂದ ಸಂಸ್ಥೆಗೆ ಏನು ಲಾಭ ಅಂತ ಕೇಳಿದಿರಿ. ಕೇಳಬೇಕಾದ ಪ್ರಶ್ನೆಯೇ. ಆದರೆ ಉತ್ತರ ಅಂತ ಈ ಹನ್ನೊಂದು ತಿಂಗಳ ಕಾಗದ ಹಿಡಿದುಕೊಂಡು ಬಂದಿರಲ್ಲ, ಅಲ್ಲಿ ನನ್ನ ತಕರಾರು. ಮೊದಲು ಕೆಲಸ ಕಲಿಸದೆ ಕುರ್ಚಿ ಕೊಟ್ಟಿರಿ. ಈಗ ಕುರ್ಚಿಯನ್ನೇ ಕಿತ್ತುಕೊಂಡಿರಿ.

ಫಿಲಿಪ್ಸ್ ತಂಡವೂ ಶಾಶ್ವತವಾಗಿ ಉಳಿಯಲಿಲ್ಲ, ಅದನ್ನು ಮುಚ್ಚಿಟ್ಟರೆ ನಾನು ಮೋಸ ಮಾಡಿದಂತಾಗುತ್ತದೆ. ಟಿವಿ ಬಂತು, ಎನ್‌ಬಿಎಯಲ್ಲಿ ಸಂಬಳ ಏರಿತು, ಕಾಲೇಜಿನಿಂದ ಬರುವ ಹುಡುಗನಿಗೆ ಎಣ್ಣೆ ಕಂಪನಿಯ ಮೇಜು ಸಪ್ಪೆ ಅನ್ನಿಸಿತು. ಕಂಪನಿ ತಂಡಗಳಿಗೇ ಅಂತ 1947ರಲ್ಲಿ ಮಾಡಿಕೊಂಡಿದ್ದ ಲೀಗ್ 1961ರಲ್ಲಿ ಮುಚ್ಚಿತು. ಫಿಲಿಪ್ಸ್ 1963ರಲ್ಲಿ ಕೊನೇ ರಾಷ್ಟ್ರೀಯ ಪ್ರಶಸ್ತಿ ಗೆದ್ದು, 1968ರಲ್ಲಿ ತಂಡ ನಿಲ್ಲಿಸಿತು. 2002ರಲ್ಲಿ ಕಂಪನಿಯೇ ಕೊನೊಕೊ ಜೊತೆ ವಿಲೀನವಾಗಿ ಕೇಂದ್ರ ಕಚೇರಿ ಹ್ಯೂಸ್ಟನ್‌ಗೆ ಹೋಯಿತು. ಆ ಸಣ್ಣ ಊರಿನವರಿಗೆ ಹೇಗಾಗಿರಬೇಕು ಅಂತ ನಮಗೆ ಗೊತ್ತಲ್ಲ. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರಲ್ಲಿ ವಿಜಯಾ ಬ್ಯಾಂಕು, 2020ರಲ್ಲಿ ಸಿಂಡಿಕೇಟ್, ಕಾರ್ಪೊರೇಷನ್ ಎರಡೂ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಬೋರ್ಡು ಇಳಿಸುವುದನ್ನು ನಾವು ರಸ್ತೆಯಲ್ಲಿ ನಿಂತು ನೋಡಿದ್ದೇವೆ.

ಆದರೆ ಒಂದು ವ್ಯತ್ಯಾಸ ನೋಡಿ. ಅಲ್ಲಿ ತಂಡ ಮುಚ್ಚಿದಾಗ ಹಳೇ ಆಟಗಾರರು ಬೀದಿಗೆ ಬೀಳಲಿಲ್ಲ. ಕರ್ಲಂಡ್ ಆಗ ಕಂಪನಿಯ ಅಧಿಕಾರಿ, 1968ರ ಮೇಲೂ ಎಷ್ಟೋ ವರ್ಷ ಕೆಲಸ ಮಾಡಿದರು. ಈಗ ಹನ್ನೊಂದು ತಿಂಗಳ ಕಾಂಟ್ರ್ಯಾಕ್ಟಿನ ತಂಡ ಮುಚ್ಚೋಕೆ ಒಂದು ಇ-ಮೇಲ್ ಸಾಕು. ಅದೂ ಬೇಡ, ಹನ್ನೆರಡನೇ ತಿಂಗಳು ಬಂದರೆ ಮುಗೀತು.

ಆಟಗಾರರಿಂದ ಬೇರೆ ಕೆಲಸ ಆಗಲ್ಲ ಅಂತ ನಿಮ್ಮಲ್ಲಿ ಒಬ್ಬರು ನನಗೆ ಹಿಂದೆ ಹೇಳಿದ್ದುಂಟು. ಆಗಲ್ಲ ಅಂತ ಯಾರು ಹೇಳಿದ್ದು? ಐದು ಸೆಕೆಂಡಿನಲ್ಲಿ ಒಂಬತ್ತು ಜನರ ಜಾಗ ನೋಡಿ ಪಾಸ್ ಕೊಡುವವನಿಗೆ ಒಂದು ಲೋನ್ ಫೈಲ್ ಓದೋಕೆ ಬರಲ್ವಾ? ಹೇಳಿಕೊಡಬೇಕು, ಅಷ್ಟೇ. ನಮ್ಮ ದೇಶದಲ್ಲೂ ಉದಾಹರಣೆ ಇಲ್ಲದಿಲ್ಲ. ಭಾರತದ ನಾಯಕನಾಗಿದ್ದ ವಿಶೇಷ್ ಭೃಗುವಂಶಿ ಆಡಿದ್ದು ಒಎನ್‌ಜಿಸಿಗೆ, ಅದೂ ಎಣ್ಣೆ ಕಂಪನಿಯೇ. ಗೀತು ಅನ್ನಾ ಜೋಸ್ ದಕ್ಷಿಣ ರೈಲ್ವೆಯವರು, ಆಸ್ಟ್ರೇಲಿಯಾದ ರಿಂಗ್‌ವುಡ್ ಹಾಕ್ಸ್ ಅನ್ನೋ ಅರೆ ವೃತ್ತಿಪರ ಕ್ಲಬ್ಬಿಗೂ ಹೋಗಿ ಆಡಿ ಬಂದವರು. ಮನೆಯಲ್ಲಿ ಅನ್ನಕ್ಕೆ ದಾರಿ ಇದ್ದರೆ ಆಟಗಾರ ದೂರ ಹೋಗಿ ಆಡುವ ಧೈರ್ಯ ಮಾಡುತ್ತಾನೆ. ಹುಡುಗಿಯರಿಗಂತೂ ಇದು ಇನ್ನೂ ಜಾಸ್ತಿ ನಿಜ. ಸರ್ಕಾರಿ ನೌಕರಿ ಸಿಗುತ್ತೆ ಅನ್ನೋ ಒಂದೇ ಕಾರಣಕ್ಕೆ ಅಪ್ಪಂದಿರು ಇಪ್ಪತ್ತೆರಡು ವರ್ಷದ ಮಗಳನ್ನು ಶಾರ್ಟ್ಸ್ ಹಾಕಿಕೊಂಡು ಆಡೋಕೆ ಬಿಡುತ್ತಾರೆ. ಆ ನೌಕರಿಯನ್ನು ತೆಗೆದರೆ ಹುಡುಗಿ ಮನೆಯಲ್ಲೇ ಉಳಿದಳು.

ನಾನು ಕೇಳುವುದು ದೊಡ್ಡ ಕ್ರೀಡಾಂಗಣವನ್ನೂ ಅಲ್ಲ, ಲೀಗನ್ನೂ ಅಲ್ಲ. ವರ್ಷಕ್ಕೆ ಇಬ್ಬರೋ ಮೂವರೋ, ನಿಮ್ಮ ಕೈಲಾದಷ್ಟು ಆಟಗಾರರನ್ನು ಖಾಯಂ ಆಗಿ ತೆಗೆದುಕೊಳ್ಳಿ. ಸೇರಿದ ಮೊದಲ ದಿನದಿಂದ ಅವರಿಗೆ ನಿಜವಾದ ಮೇಜು ಕೊಡಿ, ದಿನಕ್ಕೆ ನಾಲ್ಕು ಗಂಟೆ ಕೂರಿಸಿ, ತಪ್ಪು ಮಾಡಿದರೆ ಎಲ್ಲರ ಹಾಗೆ ಬೈಯಿರಿ. ಅವರಿಗೂ ಇಲಾಖಾ ಪರೀಕ್ಷೆ ಬರೆಯಲು ಹೇಳಿ, ಟೂರ್ನಿ ಇದ್ದರೆ ತಾರೀಕು ಹೊಂದಿಸಿ ಕೊಡಿ. ಗಾಯವಾದರೆ ಆಸ್ಪತ್ರೆ ಖರ್ಚು ನಿಮ್ಮದು, ಯಾಕಂದರೆ ಜರ್ಸಿ ಮೇಲಿನ ಹೆಸರು ನಿಮ್ಮದು. ಹಾಂ, ಇನ್ನೊಂದು, ನಿಮ್ಮ ಆವರಣದಲ್ಲಿ ಹಳೇ ಕೋರ್ಟು ಇದ್ದರೆ ಒಂದು ಸಲ ಹೋಗಿ ನೋಡಿ. ನಮ್ಮದರ ಮೇಲೆ ಈಗ ಕಾರು ನಿಲ್ಲಿಸುತ್ತಾರೆ. ಬೋರ್ಡ್ ಇನ್ನೂ ಇದೆ, ರಿಂಗಿನಲ್ಲಿ ಯಾರೋ ಸಿಸಿಟಿವಿ ವೈರ್ ಸುತ್ತಿದ್ದಾರೆ.

ಆ ಮಂಡ್ಯದ ಹುಡುಗ ನಿನ್ನೆ ಮತ್ತೆ ಫೋನ್ ಮಾಡಿದ್ದ. ಒಪ್ಪಿಗೆ ಪತ್ರ ಕೊಡೋಕೆ ಈ ತಿಂಗಳ 30 ಕೊನೇ ದಿನವಂತೆ. "ಏನ್ ಮಾಡ್ಲಿ ಸರ್?" ಅಂದ. 29ರವರೆಗೂ ತಡಿ ಅಂದಿದ್ದೇನೆ. ಅಷ್ಟರೊಳಗೆ ನಿಮ್ಮಲ್ಲಿ ಯಾರಾದರೂ ಆ ಕಾಗದವನ್ನು ವಾಪಸ್ ತರಿಸಿಕೊಂಡು, ಹನ್ನೊಂದು ತಿಂಗಳು ಅನ್ನೋದನ್ನೂ ಗಾಯದ ಆ ಸಾಲನ್ನೂ ಹೊಡೆದು ಹಾಕಿ ಕಳಿಸಿದರೆ, ನಾನೇ ಅವನನ್ನು ಕರೆದುಕೊಂಡು ನಿಮ್ಮ ಆಫೀಸಿಗೆ ಬರುತ್ತೇನೆ. ವೋಚರ್ ಬರೆಯೋದನ್ನು ಬೇಕಾದರೆ ನಾನೇ ಹೇಳಿಕೊಡುತ್ತೇನೆ, ಸಂಬಳ ಬೇಡ.

ಇಂತಿ,
ಒಬ್ಬ ನಿವೃತ್ತ ಬ್ಯಾಂಕ್ ಕ್ಲರ್ಕ್
(ಜರ್ಸಿ ನಂಬರ್ 9)
ಬೆಂಗಳೂರು